ಎರಡು ಬಿಲ್ಲೆ

ಮೊದಲ ಬಿಲ್ಲೆಗೆ ನಾನು ಅರೆದದ್ದು ಮುಕ್ಕಾಲು ಗಂಟೆ.
ಇಟ್ರಿಯಂ, ಬೇರಿಯಂ, ತಾಮ್ರ, ಮೂರೂ ಪುಡಿ ಬೆರೆಸಿ
ಅಗೇಟಿನ ಪುಟ್ಟ ಕಲ್ಬತ್ತಿನಲ್ಲಿ.
ಮೊಣಕೈ ಸೋತಾಗ ಸಾಕೆಂದು ಬಿಟ್ಟೆ.
ಒತ್ತಿ, ಕುಲುಮೆಗಿಟ್ಟೆ. ಬೆಳಗಾಗುವಷ್ಟರಲ್ಲಿ
ಎರಡು ರೂಪಾಯಿ ನಾಣ್ಯದಗಲ, ಕಪ್ಪು,
ತಟ್ಟಿದರೆ ಟಣ್ ಎನ್ನದ ಬಿಲ್ಲೆ.

ಲೇಸರಿನ ಬೆಳಕು ಕಾಣುವುದಿಲ್ಲ. ಕಾಣುವುದು
ಅದು ಬಡಿದ ಮೇಲೆ ಬಿಲ್ಲೆಯಿಂದೇಳುವ ನೇರಳೆ ಜುಟ್ಟು,
ಸೆಕೆಂಡಿಗೆ ಐದು ಸಲ,
ಟಕ್ ಟಕ್ ಟಕ್ ಟಕ್ ಟಕ್.
ಎದುರಿಗೆ ಕೆಂಪಗೆ ಕಾದ ಉಗುರಗಲದ ಹಾಸು.
ಜುಟ್ಟಿನ ತುದಿ ಅದನ್ನು ಮುಟ್ಟಿ ಮುಟ್ಟಿ
ಪದರ ಕಟ್ಟುತ್ತದೆ, ಕೂದಲೆಳೆಯ ಮುನ್ನೂರನೇ ಒಂದು ಪಾಲು.

ಆ ಮಧ್ಯಾಹ್ನ ಸೂಕ್ಷ್ಮದರ್ಶಕಕ್ಕಿಟ್ಟರೆ
ಪದರದ ಮೇಲೆಲ್ಲ ಗುಂಡುಕಲ್ಲು,
ಮಧುಗಿರಿ ಬೆಟ್ಟದ ಬುಡದಲ್ಲಿ ಬಿದ್ದಿರುವಂಥವು.
ತಹಸೀನ್ ಮೇಡಂ ಬೈಯಲಿಲ್ಲ. ಪರದೆಯ ಮೇಲೆ
ಪೆನ್ನಿನ ತುದಿಯಿಂದ ಒಂದೊಂದನ್ನೇ ಎಣಿಸಿದರು.
ನಲವತ್ತೆಂಟಕ್ಕೆ ನಿಲ್ಲಿಸಿ, "ಊಟ ಮಾಡಿ ಬನ್ನಿ" ಅಂದರು.

ಊಟ ಮಾಡಲಿಲ್ಲ. ಚಿಕ್ಕಪೇಟೆಯ ಗಿರಣಿಯಲ್ಲಿ
ಬೆಳಿಗ್ಗೆ ರಾಗಿ ಇಟ್ಟು ಹೋಗಿದ್ದೆ.
ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಹಿಟ್ಟಾದ ಕೆಂಪಹೊನ್ನಯ್ಯನವರು
ಬೀಳುವ ಧಾರೆಗೆ ಅಂಗೈ ಒಡ್ಡಿ, ಹೆಬ್ಬೆರಳಲ್ಲಿ ತೀಡಿ,
"ತರಿ ಐತೆ" ಅಂದರು.
ನನಗೆ ಕಾಣಲಿಲ್ಲ.
"ಕಣ್ಣಿಗೆ ಕಾಣಾದಲ್ಲ ಕಣವ್ವ, ಬೆರಳು ಹೇಳ್ತೈತೆ.
ತರಿ ಬಿಟ್ರೆ ಮುದ್ದೇಲಿ ಗಂಟು.
ಗಂಟು ಯಾರ ಗಂಟಲಿಗೆ ಸಿಕ್ತೈತೋ ಅವ್ರು ನನ್ನೇ ಬೈಯಾದು."
ಕಲ್ಲಿನ ತಿರುಪು ಒಂದೆಳೆ ಬಿಗಿ ಮಾಡಿದರು.

ಎರಡನೇ ಬಿಲ್ಲೆಗೆ ಮೂರು ದಿನ.
ಅರೆದು, ಸುಟ್ಟು, ಮತ್ತೆ ಪುಡಿ ಮಾಡಿ, ಮತ್ತೆ ಅರೆದು.
ಬೇರಿಯಂ ವಿಷ, ಬರಿಗೈಲಿ ತೀಡುವಂತಿಲ್ಲ;
ಕೈಗವಸಿನೊಳಗೇ ಬೆರಳು ತರಿ ಹುಡುಕುತ್ತಿತ್ತು.
ಕುಲುಮೆಯಲ್ಲಿ ಹೊತ್ತು ಮೀರಿದರೆ ಕಣಗಳು
ಒಂದನ್ನೊಂದು ನುಂಗಿ ದಪ್ಪಗಾಗುತ್ತವೆ,
ಸಾಲದಿದ್ದರೆ ಬಿಲ್ಲೆ ಪೊಳ್ಳು.
ನಡುವೆ ಕರೆಂಟು ಬೇರೆ ಹೋಯಿತು, ಹದಿನಾಲ್ಕು ನಿಮಿಷ.
ನೋಟುಬುಕ್ಕಿನಲ್ಲಿ ಬರೆದಿದ್ದೇನೆ.

ಈ ಸಲ ಪದರದ ಮೇಲೆ ಮೂರೇ ಕಲ್ಲು.
ಆದರೆ ಮೇಡಂ ಇನ್ನೂ ಹಿಗ್ಗಿಸಿದರು, ಇನ್ನೂ.
ಆ ನುಣುಪಿನೊಳಗೆ ಸಂದುಗಳು, ಸಂದಿಗೆ ಸಂದು,
ಮೊದಲ ಪದರಕ್ಕಿಂತ ನಾಲ್ಕು ಪಟ್ಟು.
ನನ್ನೆದೆ ಧಸಕ್ಕೆಂದಿತು.

ಪಶು ಆಸ್ಪತ್ರೆಯಿಂದ ಕ್ಯಾನು ತಂದೆ.
ಹೋರಿಗಳ ವೀರ್ಯ ಕಾಪಾಡುವ ದ್ರವ ಸಾರಜನಕದಲ್ಲಿ
ಎರಡು ಲೀಟರು ನಮಗೆ ಸಾಲ.
ಕಂಪೌಂಡರ್ ಗವಿರಂಗಪ್ಪನವರದು ಪ್ರತಿ ಸಲವೂ ಒಂದೇ ಪ್ರಶ್ನೆ:
"ನಿಮ್ಮ ಬಿಲ್ಲೆ ಗಬ್ಬ ಆಯ್ತಾ?"

ತಣ್ಣಗಾದಂತೆ ರೋಧ ಇಳಿಯಿತು, ಇಳಿಯಿತು,
ತೊಂಬತ್ತು ಕೆಲ್ವಿನ್ನಿನ ಹತ್ತಿರ
ಹಗ್ಗ ಹರಿದ ಕೊಡದ ಹಾಗೆ
ಸೊನ್ನೆಗೆ ಬಿತ್ತು.
ಅಷ್ಟು ಮೊದಲನೆಯದೂ ಮಾಡಿತ್ತು, ಒಂದು ಡಿಗ್ರಿ ಮುಂಚೆಯೇ.
ಆಮೇಲೆ ಅಯಸ್ಕಾಂತ.
ಕಾಂತದ ಸುಳಿಗಳು ಪದರದೊಳಗೆ ನುಗ್ಗುತ್ತವಂತೆ,
ಅವು ಅಲೆದಾಡಿದರೆ ಹರಿವು ಸೋಲುತ್ತದಂತೆ.
ದಪ್ಪ ಕಣದ ಪದರ ಬೇಗ ಸೋತಿತು.
ಇದರಲ್ಲಿ ಸುಳಿಗಳು ಸಂದುಗಳಿಗೆ ಸಿಕ್ಕಿಬಿದ್ದು
ಕೂತಲ್ಲೇ ಕೂತವು. ವಿದ್ಯುತ್ತು ಹರಿಯುತ್ತಲೇ ಇತ್ತು,

ನಾನು ನಾಚಿಕೆ ಪಟ್ಟ ಆ ಸಂದುಗಳ ದೆಸೆಯಿಂದ.

"ಅರೆಯೋದು ಎಲ್ಲಿ ಕಲಿತಿರಿ?" ಅಂದರು ಮೇಡಂ.
ಚಿಕ್ಕಪೇಟೆಯಲ್ಲಿ ಎಂದೆ. ನಕ್ಕರು, ತಮಾಷೆ ಅಂದುಕೊಂಡು.
ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ
ಪಶು ಆಸ್ಪತ್ರೆಯ ಹೆಸರಿದೆ, ಗಿರಣಿಯದಿಲ್ಲ.

ಮುಂದಿನ ವಾರ ರಾಗಿ ಬೀಸಿಸಲು ಹೋದಾಗ
ಧಾರೆಗೆ ನಾನೂ ಅಂಗೈ ಒಡ್ಡಿದೆ. ಬೆಚ್ಚಗಿತ್ತು.
ತೀಡಿದೆ. "ತರಿ ಐತೆ" ಅಂದೆ.
ಕೆಂಪಹೊನ್ನಯ್ಯನವರು ಹಿಟ್ಟನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.
ತಿರುಪು ಬಿಗಿ ಮಾಡಿದರು.